ಮುಚ್ಚಿದ ಕಾರ್ಖಾನೆಯ ಜಾಗ ಯಾರ ಪಾಲಿಗೆ? ಮೈಸೂರು ಲ್ಯಾಂಪ್ಸ್‌ನಿಂದ ಗಿರಣಗಾಂವ್‌ವರೆಗೆ

ಮಲ್ಲೇಶ್ವರದ ನಿವಾಸಿ

ಮಲ್ಲೇಶ್ವರದಿಂದ ಯಶವಂತಪುರದ ಕಡೆಗೆ ಹೋಗುವಾಗ ಹಳೆಯ ತುಮಕೂರು ರಸ್ತೆಗೆ ತಾಗಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಸುಮಾರು 20 ಎಕರೆ ಜಾಗವಿದೆ. ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕಾಲದಲ್ಲಿ, 1936ರಲ್ಲಿ ಆರಂಭವಾದ ಈ ಕಾರ್ಖಾನೆ ಹಲವು ದಶಕಗಳ ಕಾಲ ನಮ್ಮ ಮನೆಗಳಿಗೆ ಬಲ್ಬು, ಟ್ಯೂಬ್‌ಲೈಟುಗಳನ್ನು ಒದಗಿಸಿ, ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ಜಾಗವನ್ನು ಮಾರಬೇಕೆಂಬ ಮಾತು ಹಲವು ಬಾರಿ ಬಂದುಹೋದ ಮೇಲೆ, ಬೆಂಗಳೂರಿನ ಚರಿತ್ರೆಯನ್ನು ಹೇಳುವ ಒಂದು ಸಾಂಸ್ಕೃತಿಕ ಕೇಂದ್ರವನ್ನು ಅಲ್ಲಿ ಮಾಡುವುದಾಗಿ 2020ರ ಸುಮಾರಿಗೆ ಸರ್ಕಾರ ಪ್ರಕಟಿಸಿತು. ಆ ತೀರ್ಮಾನವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದು ಒಂದು ಜಾಗದ ಬಗ್ಗೆ, ಒಂದು ಸರ್ಕಾರ, ಒಂದು ಸಂದರ್ಭದಲ್ಲಿ ತೆಗೆದುಕೊಂಡ ತೀರ್ಮಾನವೇ ಹೊರತು ನಗರಕ್ಕೆಲ್ಲ ಅನ್ವಯಿಸುವ ನಿಯಮವಲ್ಲ.

ನಿಯಮವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. ಮಲ್ಲೇಶ್ವರದ ಇನ್ನೊಂದು ತುದಿಯಲ್ಲಿದ್ದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. ಇಂದು ಅದರೆದುರಿನ ಮೆಟ್ರೋ ನಿಲ್ದಾಣದ ಹೆಸರಿನಲ್ಲೂ ಮಾಲ್ ಇದೆ, ಮಿಲ್ಲಿನ ಸುಳಿವಿಲ್ಲ. ಪೇಟೆಯ ಪಶ್ಚಿಮಕ್ಕೆ 1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಒಂದು ಇಡೀ ಬಡಾವಣೆಗೆ ತನ್ನ ಹೆಸರನ್ನು ಕೊಟ್ಟಿತು. ಬಡಾವಣೆಗೆ ಹೆಸರು ಉಳಿದಿದೆ, ಗಿರಣಿಯ ನೆಲದ ಮೇಲೆ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ. ಭಾರತದ ಕಾನೂನು ವಿದ್ಯಾರ್ಥಿಗಳೆಲ್ಲ ಸಂವಿಧಾನದ ಮೂಲ ಸಂರಚನೆಯ, ಎಂದರೆ ಸಂಸತ್ತೂ ತಿದ್ದಿ ಅಳಿಸಲಾಗದ ತಿರುಳಿನ, ವಿಷಯದಲ್ಲಿ ಓದುವ 1980ರ ಮಿನರ್ವ ಮಿಲ್ಸ್ ತೀರ್ಪು ಬೆಂಗಳೂರಿನದೇ ಒಂದು ಜವಳಿ ಗಿರಣಿಯ ರಾಷ್ಟ್ರೀಕರಣದಿಂದ ಹುಟ್ಟಿದ ಮೊಕದ್ದಮೆ ಎಂಬುದು ಈ ಊರಿನಲ್ಲೇ ಎಷ್ಟು ಜನರಿಗೆ ನೆನಪಿದೆಯೋ ಕಾಣೆ.

ಹಳೆಯ ನಗರಭಾಗಗಳಲ್ಲಿ ಮುಚ್ಚಿದ ಕಾರ್ಖಾನೆಯ ಜಾಗ ಮರುಬಳಕೆಗೆ ಬಂದಾಗ, ನಕ್ಷೆ ಬರೆಯುವುದಕ್ಕೆ ಮೊದಲೇ, ಅದರಲ್ಲಿ ಸಾರ್ವಜನಿಕರ ಪಾಲು ಎಷ್ಟು ಎಂಬುದು ಕಾನೂನಿನ ಬರಹದಲ್ಲಿ ಇರಬೇಕು ಎಂಬುದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ತಿಳಿವಳಿಕೆಯುಳ್ಳವರು, ಬೇರೆ ಊರುಗಳ ಅನುಭವವುಳ್ಳವರು ದಯವಿಟ್ಟು ಬರೆಯಿರಿ.


ಗಿರಣಗಾಂವ್ ಕನ್ನಡಿಗ

ನಾನು ಗಿರಣಗಾಂವ್ ಎಂದು ಕರೆಯುವ ಮುಂಬೈಯ ಜವಳಿ ಗಿರಣಿಗಳ ಪ್ರದೇಶದಲ್ಲಿ, ಪರೇಲಿನಲ್ಲಿ ಬೆಳೆದವನು. ನಮ್ಮ ಕರಾವಳಿಯಿಂದ ಹೋಗಿ ಗಿರಣಿಗಳ ಸುತ್ತಮುತ್ತ ಹೋಟೆಲು, ಕ್ಯಾಂಟೀನು ನಡೆಸಿದವರ ಮನೆತನದವನಾದ್ದರಿಂದ ಗಿರಣಿಯ ಭೋಂಗಾ (ಸೈರನ್) ಕೂಗುವ ಹೊತ್ತಿಗೆ ತಕ್ಕಂತೆ ಒಲೆ ಹೊತ್ತಿಸುತ್ತಿದ್ದ ಬದುಕನ್ನು ಹತ್ತಿರದಿಂದ ಕಂಡಿದ್ದೇನೆ. ನೀವು ಕೇಳುತ್ತಿರುವ ನಿಯಮವನ್ನು ಮುಂಬೈ ಒಮ್ಮೆ ಬರೆದಿತ್ತು, ಬರೆದು ಕಳೆದುಕೊಂಡಿತು. ಆ ಕತೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನವರು ಅದರ ಕೊನೆಯನ್ನು ಮಾತ್ರ ಕೇಳಿದ್ದಾರೆ.

1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಔಪಚಾರಿಕವಾಗಿ ಇಂದಿಗೂ ಹಿಂತೆಗೆದುಕೊಂಡಿಲ್ಲ ಎನ್ನುತ್ತಾರೆ. ಗಿರಣಿಗಳಂತೂ ಅದಾದ ಮೇಲೆ ಚೇತರಿಸಿಕೊಳ್ಳಲಿಲ್ಲ. ನಗರದ ನಡುಮಧ್ಯದಲ್ಲಿ ಸುಮಾರು 600 ಎಕರೆ ಗಿರಣಿ ಭೂಮಿ ಹೀಗೆ ಸುಮ್ಮನೆ ಬಿದ್ದಾಗ, 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ 58ನೆಯ ನಿಯಮವಾಗಿ ಒಂದು ಷರತ್ತು ಬಂತು. ಗಿರಣಿಯನ್ನು ಮುಚ್ಚಿ ಜಾಗವನ್ನು ಅಭಿವೃದ್ಧಿಪಡಿಸುವ ಮಾಲೀಕ ಅದರಲ್ಲಿ ಮೂರನೆಯ ಒಂದು ಪಾಲನ್ನು ಬಯಲು ಜಾಗಕ್ಕಾಗಿ ಪಾಲಿಕೆಗೂ, ಇನ್ನೊಂದು ಪಾಲನ್ನು ಸಾಮಾನ್ಯರ ವಸತಿಗಾಗಿ ಗೃಹ ಮಂಡಳಿಗೂ ಬಿಟ್ಟುಕೊಟ್ಟು, ಉಳಿದ ಪಾಲನ್ನು ತಾನು ಬಳಸಿಕೊಳ್ಳಬೇಕು ಎಂಬುದು ಅದರ ಸಾರ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯ ಸಮಿತಿ, ಬಿಡಿಬಿಡಿ ಗಿರಣಿಗಳನ್ನು ನೋಡದೆ ಸರ್ಕಾರಿ ಗಿರಣಿಗಳ ಭೂಮಿಯನ್ನು ಒಟ್ಟಾಗಿ ಯೋಜಿಸಬೇಕೆಂದು ಸೂಚಿಸಿತು. ಆಗ ಸಿಗಬಹುದಾಗಿದ್ದ ಉದ್ಯಾನ, ರಸ್ತೆ, ಮನೆಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ನಿಯಮದಲ್ಲಿ ಎರಡು ಬಿರುಕುಗಳಿದ್ದವು. ಮೊದಲನೆಯದು, ಇರುವ ಕಟ್ಟಡವನ್ನು ಕೆಡವದೆ ಅದರೊಳಗೆ ಬೇರೆ ವ್ಯವಹಾರ ನಡೆಸುವವನಿಗೆ ಜಾಗ ಬಿಟ್ಟುಕೊಡುವ ಷರತ್ತು ತಟ್ಟುತ್ತಿರಲಿಲ್ಲ. ಹೀಗಾಗಿ ಗಿರಣಿಯ ಗೋಡೆ, ಚಿಮಣಿಗಳು ಹಾಗೆಯೇ ನಿಂತು ಒಳಗೆ ಅಂಗಡಿ, ಕಚೇರಿ, ಮದ್ಯಗೃಹಗಳು ಬಂದವು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಚಿಮಣಿ ಈಗಲೂ ಮಾಲಿನ ನಡುವೆ ನಿಂತಿದೆ. ಹಳೆಯ ಕಟ್ಟಡ ಉಳಿಯಿತಲ್ಲ ಎಂದು ಸಮಾಧಾನಪಡುವವರಿಗೆ ನಾನು ಹೇಳುವುದಿಷ್ಟೇ: ಆ ಚಿಮಣಿಯ ನೆರಳಿನಲ್ಲಿ ಕೂಲಿ ಮಾಡಿದವನ ಮೊಮ್ಮಗನಿಗೆ ಅಲ್ಲಿ ಆಡಲು ಒಂದು ಅಂಗಳವೂ ಸಿಗಲಿಲ್ಲ. ಎರಡನೆಯ ಬಿರುಕನ್ನು ಸರ್ಕಾರವೇ ಮಾಡಿತು. 2001ರ ತಿದ್ದುಪಡಿಯಲ್ಲಿ, ಹಂಚಿಕೆಯಾಗಬೇಕಾದದ್ದು ಇಡೀ ಗಿರಣಿಯ ಜಾಗವಲ್ಲ, ಅದರಲ್ಲಿ ಕಟ್ಟಡವಿಲ್ಲದೆ ಖಾಲಿ ಉಳಿದ ಭಾಗ ಮಾತ್ರ ಎಂದಾಯಿತು. ಗಿರಣಿಗಳಲ್ಲಿ ಶೆಡ್ಡುಗಳು ಒತ್ತೊತ್ತಾಗಿ ನೆಲವನ್ನೆಲ್ಲ ತುಂಬಿರುತ್ತವೆ. ಖಾಲಿ ಭಾಗ ಎಷ್ಟಿದ್ದೀತು? ಪರಿಸರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು, 2005ರಲ್ಲಿ ಬಾಂಬೆ ಹೈಕೋರ್ಟು ಜನರ ಪರವಾಗಿ ತೀರ್ಪು ಕೊಟ್ಟಿತು, 2006ರ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಅಲ್ಲಿಂದಾಚೆಗಿನದು ನೀವು ಆಕಾಶದೆತ್ತರದ ಗೋಪುರಗಳಲ್ಲಿ ಕಾಣುವ ಲೋವರ್ ಪರೇಲ್.

ಮನೆಗಾಗಿ ಅರ್ಜಿ ಹಾಕಿದ ಗಿರಣಿ ಕಾರ್ಮಿಕರು ಮತ್ತು ಅವರ ವಾರಸುದಾರರು ಒಂದೂವರೆ ಲಕ್ಷಕ್ಕೂ ಹೆಚ್ಚು. ಲಾಟರಿಯಲ್ಲಿ ಮನೆ ಸಿಕ್ಕವರು ಅದರಲ್ಲಿ ಸಣ್ಣ ಭಾಗ. ಮುಂಬೈಯಲ್ಲಿ ಒಳ್ಳೆಯದೇನೂ ಆಗಲಿಲ್ಲ ಎಂದಲ್ಲ: ದಾದರಿನ ಇಂದು ಮಿಲ್ಲಿನ ಸುಮಾರು 12 ಎಕರೆ ಡಾ. ಅಂಬೇಡ್ಕರ್ ಸ್ಮಾರಕಕ್ಕೆ ಸಂದಿದೆ, ಕಾಳಾಚೌಕಿಯ ಯುನೈಟೆಡ್ ಮಿಲ್ಲಿನ ಜಾಗವನ್ನು ಜವಳಿ ವಸ್ತುಸಂಗ್ರಹಾಲಯಕ್ಕೆಂದು ಇರಿಸಿದ್ದಾರೆ. ಎರಡೂ ಸರ್ಕಾರಿ ಜವಳಿ ನಿಗಮದ ಕೈಯಲ್ಲಿದ್ದ ಗಿರಣಿಗಳು ಎಂಬುದನ್ನು ಗಮನಿಸಬೇಕು. ಭೂಮಿ ಸಾರ್ವಜನಿಕರ ಕೈಯಲ್ಲಿ ಉಳಿದಿದ್ದ ಕಡೆ ಮಾತ್ರ ಸಾರ್ವಜನಿಕ ಬಳಕೆ ಸಾಧ್ಯವಾಯಿತು.


ಲೆಕ್ಕಪತ್ರ

ಮುಂಬೈಯ ವಿವರಣೆಗೆ ಧನ್ಯವಾದಗಳು. ಆದರೂ ಒಂದು ಆಕ್ಷೇಪವನ್ನು ಇಡಬೇಕಾಗಿದೆ. ನಾನು ನಷ್ಟಕ್ಕೊಳಗಾದ ಕಂಪನಿಗಳ ಲೆಕ್ಕವನ್ನು ಬಹುಕಾಲ ನೋಡಿದವನು. ಕಾರ್ಖಾನೆ ಮುಚ್ಚಿದಾಗ ಮೊದಲು ಬರುವ ಪ್ರಶ್ನೆ ಪರಂಪರೆಯದಲ್ಲ, ಕಾರ್ಮಿಕರ ಗ್ರಾಚ್ಯುಟಿ, ಭವಿಷ್ಯನಿಧಿ, ಬ್ಯಾಂಕಿನ ಸಾಲ, ಬಾಕಿ ತೆರಿಗೆಗಳದು. 1985ರ ರೋಗಗ್ರಸ್ತ ಉದ್ಯಮಗಳ ಕಾಯ್ದೆಯ ಕಾಲದಿಂದಲೂ ಇದಕ್ಕೆ ಹಣ ಹುಟ್ಟುವ ದಾರಿ ಎಂದರೆ ಹೆಚ್ಚುವರಿ ಭೂಮಿಯ ಮಾರಾಟವೇ ಆಗಿತ್ತು. ರಾಷ್ಟ್ರೀಯ ಜವಳಿ ನಿಗಮ ಮುಂಬೈಯ ಜಾಗಗಳನ್ನು ಮಾರಿದ್ದೂ ಸ್ವಯಂನಿವೃತ್ತಿಯ ಪರಿಹಾರ ಕೊಡುವುದಕ್ಕೆ ಮತ್ತು ಉಳಿದ ಗಿರಣಿಗಳನ್ನು ಆಧುನಿಕಗೊಳಿಸುವುದಕ್ಕೆ. ಮೂರನೆಯ ಎರಡು ಪಾಲು ಬಿಟ್ಟುಕೊಡಬೇಕು ಎಂದ 1991ರ ನಿಯಮದ ಅಡಿಯಲ್ಲಿ ಮಾಲೀಕರು ಮುಂದೆ ಬರಲೇ ಇಲ್ಲ, ಹತ್ತು ವರ್ಷ ಭೂಮಿ ಪಾಳುಬಿತ್ತು, ಕಾರ್ಮಿಕರು ಬಾಕಿಗಾಗಿ ಕಾದರು ಎಂಬುದನ್ನೂ ಹೇಳಬೇಕಲ್ಲವೇ? ಸಾರ್ವಜನಿಕರ ಪಾಲು ಬೇಕು ಎನ್ನುವವರು ಅದರ ಬೆಲೆಯನ್ನು ಯಾರು ಕೊಡುತ್ತಾರೆ ಎಂದೂ ಹೇಳಲಿ.


ಗಿರಣಗಾಂವ್ ಕನ್ನಡಿಗ

ಮಾಲೀಕರು ಮುಂದೆ ಬರಲಿಲ್ಲ ಎಂಬುದು ನಿಜ. ಆದರೆ ಅವರು ಕಾದದ್ದು ಕಾರ್ಮಿಕರಿಗೆ ಬಾಕಿ ಕೊಡುವ ಶಕ್ತಿ ಇಲ್ಲವೆಂದಲ್ಲ, ನಿಯಮ ಸಡಿಲವಾಗುತ್ತದೆ ಎಂಬ ನಂಬಿಕೆಯಿಂದ. ಆ ನಂಬಿಕೆ ಸುಳ್ಳಾಗಲಿಲ್ಲ. ಮೂರನೆಯ ಒಂದು ಪಾಲಿನ ಮೇಲೆ ದಕ್ಷಿಣ ಮುಂಬೈಗೆ ಹತ್ತಿರದ ದರದಲ್ಲಿ ಕಟ್ಟಲು ಸಿಗುತ್ತಿದ್ದ ಲಾಭ ಸಣ್ಣದಾಗಿರಲಿಲ್ಲ. ಕಾಯುವವನಿಗೆ ಲಾಭವಾಗುವಂಥ ನಿಯಮವನ್ನು ಬರೆದರೆ ಎಲ್ಲರೂ ಕಾಯುತ್ತಾರೆ. ಪಾಳುಬಿಟ್ಟ ವರ್ಷಗಳಿಗೆ ತೆರಿಗೆ ಏರುತ್ತಾ ಹೋಗುವ ವ್ಯವಸ್ಥೆ ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.


ಹಳೇ ಕಟ್ಟಡದ ಇಂಜಿನಿಯರ್

ಭೂಮಿಯ ಪ್ರಶ್ನೆಯನ್ನು ತಿಳಿದವರು ಎತ್ತಿದ್ದಾರೆ. ನಾನು ಕಟ್ಟಡದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹಳೆಯ ಕಾರ್ಖಾನೆಯ ಕಟ್ಟಡ ಉಪಯೋಗಕ್ಕೆ ಬಾರದು, ಕೆಡವುವುದೇ ಅಗ್ಗ ಎಂಬ ಮಾತನ್ನು ಸಭೆಗಳಲ್ಲಿ ಪರಿಶೀಲನೆಯೇ ಇಲ್ಲದೆ ಒಪ್ಪಿಕೊಂಡುಬಿಡುತ್ತಾರೆ.

ಮೊದಲಿಗೆ ನೆಲದ ಶಕ್ತಿ. ನಮ್ಮ ಭಾರತೀಯ ಮಾನಕಗಳ ಪ್ರಕಾರ ವಾಸದ ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಲೆಕ್ಕ ಹಾಕುತ್ತೇವೆ. ಜನ ಕಿಕ್ಕಿರಿದು ನಿಲ್ಲುವ ಸಭಾಂಗಣಕ್ಕೆ 500 ಕಿಲೋ. ಭಾರೀ ಯಂತ್ರಗಳ ಕಾರ್ಖಾನೆಗೆ 1000 ಕಿಲೋ. ಯಂತ್ರ ಹೊತ್ತ ನೆಲ ಗ್ರಂಥಾಲಯದ ಕಪಾಟುಗಳನ್ನೂ ರಂಗಮಂದಿರದ ಪ್ರೇಕ್ಷಕರನ್ನೂ ಹೊರಬಲ್ಲದು, ಆದರೆ ಮನೆ ಅಥವಾ ಕಚೇರಿಗೆಂದು ಕಟ್ಟಿದ್ದನ್ನು ಮುಂದೆ ಕಾರ್ಯಾಗಾರ ಮಾಡಲಾಗದು. ಈ ದೃಷ್ಟಿಯಿಂದ ಕಾರ್ಖಾನೆಯ ಕಟ್ಟಡವೇ ನಗರದಲ್ಲಿ ಅತಿ ಹೆಚ್ಚು ಬಗೆಯ ಬಳಕೆಗೆ ಒದಗುವ ಕಟ್ಟಡ.

ಎರಡನೆಯದು ಬೆಳಕು. ಗಿರಣಿಗಳ ಮೇಲೆ ಗರಗಸದ ಹಲ್ಲುಗಳಂತೆ ಸಾಲಾಗಿ ಏಳುವ ಛಾವಣಿಯನ್ನು ನೀವೆಲ್ಲ ನೋಡಿರುತ್ತೀರಿ. ಪ್ರತಿ ಹಲ್ಲಿನ ನೆಟ್ಟಗಿನ ಮುಖಕ್ಕೆ ಗಾಜು, ಇಳಿಜಾರಿಗೆ ಹೆಂಚು ಅಥವಾ ತಗಡು. ಗಾಜು ಉತ್ತರಕ್ಕೆ ಮುಖಮಾಡಿರುತ್ತದೆ. ನೇರ ಬಿಸಿಲು ಒಳಗೆ ಬೀಳದೆ, ನೂಲಿನ ಎಳೆ ಕಡಿದದ್ದು ಕಣ್ಣಿಗೆ ಕಾಣುವಷ್ಟು ಸಮನಾದ ಬೆಳಕು ದಿನವಿಡೀ ಸಿಗಲೆಂದು ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ಈ ರಚನೆ ನಮ್ಮಲ್ಲಿ ಸ್ವಲ್ಪ ಬೇರೆ ರೀತಿ ವರ್ತಿಸುತ್ತದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಗಾಜಿನಿಂದಲೂ ಬಿಸಿಲು ಇಳಿಯುತ್ತದೆ. ಗಾಜಿನ ಮೇಲ್ಭಾಗದಲ್ಲಿ ಒಂದು ಸಣ್ಣ ಚಾಚು ಕೊಟ್ಟರೆ ಅದನ್ನು ತಡೆಯಬಹುದು. ಇಷ್ಟು ಮಾಡಿದರೆ ಚಿತ್ರಶಾಲೆಗೆ, ನೇಯ್ಗೆ ತರಗತಿಗೆ, ಓದುವ ಕೋಣೆಗೆ ಇದಕ್ಕಿಂತ ಒಳ್ಳೆಯ ಬೆಳಕು ಸಿಗುವುದಿಲ್ಲ, ಹಗಲು ದೀಪ ಹೊತ್ತಿಸುವ ಖರ್ಚೂ ಇಲ್ಲ. ಆ ಛಾವಣಿಯ ಕೆಳಗೆ ಸುಳ್ಳು ಚಾವಣಿ ಹೊಡೆದು ಹವಾನಿಯಂತ್ರಣ ಹಾಕಿ, ಪರಂಪರೆಯ ಕಟ್ಟಡ ಉಳಿಸಿದ್ದೇವೆ ಎಂದು ಫಲಕ ತೂಗುಹಾಕುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ತೊಂದರೆಗಳೂ ಇವೆ, ಅವನ್ನು ಮುಚ್ಚಿಡಬಾರದು. ಎರಕದ ಕಬ್ಬಿಣದ ಕಂಬ ಮೇಲಿನಿಂದ ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಗ್ಗುವುದಿಲ್ಲ, ಮುನ್ಸೂಚನೆ ಕೊಡದೆ ಒಡೆಯುತ್ತದೆ. ಬೆಂಕಿಯಲ್ಲಿ ಕಾದ ಕಂಬದ ಮೇಲೆ ನೀರು ಬಿದ್ದರೆ ಸೀಳಬಹುದು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಸ್ವಾತಂತ್ರ್ಯಾನಂತರದ ಶೆಡ್ಡುಗಳ ಮೇಲಿನ ಕಲ್ನಾರಿನ ಶೀಟುಗಳನ್ನು ಒಡೆಯದೆ, ಒದ್ದೆಮಾಡಿ, ಜಾಗ್ರತೆಯಿಂದ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಾಳಿಯಲ್ಲಿ ಬಂದುಹೋಗುವ, ದಾರಿ ಬಲ್ಲ ಕಾರ್ಮಿಕರಿಗೆಂದು ಕಟ್ಟಿದ ಕಟ್ಟಡದಲ್ಲಿ ದಾರಿ ಗೊತ್ತಿಲ್ಲದ ನೂರಾರು ಜನರನ್ನು ಸೇರಿಸುವಾಗ ಹೊರಹೋಗುವ ಬಾಗಿಲು, ಮೆಟ್ಟಿಲುಗಳನ್ನು ಹೊಸದಾಗಿ ಲೆಕ್ಕ ಹಾಕಲೇಬೇಕು. 2017ರ ಡಿಸೆಂಬರ್ 29ರ ನಡುರಾತ್ರಿ ಮುಂಬೈಯ ಕಮಲಾ ಮಿಲ್ಸ್ ಆವರಣದ ತಾರಸಿಯ ಮೇಲಿನ ಮದ್ಯಗೃಹದಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಮರುಬಳಕೆ ಎಂದರೆ ಬಣ್ಣ ಬಳಿದು ಬಾಡಿಗೆಗೆ ಕೊಡುವುದು ಎಂದು ತಿಳಿದವರು ಆ ರಾತ್ರಿಯನ್ನು ಮರೆಯಬಾರದು.


ಹಳೇ ದೀಪ

ನಾನು ಈ ಊರಿನ ಒಂದು ದೀಪದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಇಂಜಿನಿಯರ್ ಅವರು ಕಟ್ಟಡವನ್ನು ಬಣ್ಣಿಸಿದ್ದು ಓದಿ, ಒಳಗಿನ ಕೆಲಸವನ್ನೂ ಯಾರಾದರೂ ಹೇಳಬೇಕು ಅನ್ನಿಸಿತು.

ಸಾಧಾರಣ ಬಲ್ಬು ಎಂದರೆ ಒಂದು ಗಾಜಿನ ಬುರುಡೆ, ಒಂದು ತಂತಿ ಎಂದು ಜನ ಅಂದುಕೊಳ್ಳುತ್ತಾರೆ. ಮೊದಲು ಸಣ್ಣ ಗಾಜಿನ ಕೊಳವೆಯ ತುದಿಯನ್ನು ಉರಿಯಲ್ಲಿ ಅರಳಿಸಿ, ಅದರೊಳಗೆ ಎರಡು ತಂತಿಗಳನ್ನು ಇಟ್ಟು, ಗಾಜು ಮೆತ್ತಗಾದಾಗ ಒತ್ತಿ ಬೆಸೆಯಬೇಕು. ಆ ತಂತಿಗಳ ತುದಿಗೆ ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ಸುರುಳಿಯನ್ನು ಸಿಕ್ಕಿಸಬೇಕು. ಈ ಕೆಲಸದಲ್ಲಿ ಕೈ ನಡುಗುವಂತಿಲ್ಲ. ಬಳಿಕ ಅದನ್ನು ಬುರುಡೆಯೊಳಗೆ ಇಳಿಸಿ, ಸುತ್ತಲೂ ಉರಿ ಕೊಟ್ಟು ಗಾಜಿಗೆ ಗಾಜು ಕೂಡಿಸಿ, ಗಾಳಿಯನ್ನೆಲ್ಲ ಎಳೆದು, ಆರ್ಗಾನ್ ತುಂಬಿ, ಕೊಳವೆಯ ಬಾಯನ್ನು ಕರಗಿಸಿ ಮುಚ್ಚಬೇಕು. ಕೊನೆಗೆ ಲೋಹದ ಟೋಪಿಯನ್ನು ಅಂಟಿಸಿ ಬೆಸುಗೆ ಹಾಕಿ ಹೊತ್ತಿಸಿ ನೋಡುವುದು. ಸಾಲಿನಲ್ಲಿ ನಿಂತವರೆಲ್ಲರೂ ಒಂದೇ ಲಯದಲ್ಲಿ ಕೆಲಸ ಮಾಡಿದರೆ ಮಾತ್ರ ಯಂತ್ರ ನಿಲ್ಲದೆ ತಿರುಗುತ್ತಿತ್ತು.

ವಸ್ತುಸಂಗ್ರಹಾಲಯ ಮಾಡುತ್ತೇವೆ ಎಂದಾಗ ರಾಜರ ಚಿತ್ರ, ದಿವಾನರ ಚಿತ್ರ ಬರುತ್ತವೆ, ಬರಲಿ. ಆದರೆ ಈ ಕೆಲಸ ಬಲ್ಲ ಕೈಗಳು ಇನ್ನೂ ಕೆಲವು ಉಳಿದಿವೆ, ಎಲ್ಲವೂ ಮುಪ್ಪಿನವು. ಯಂತ್ರಗಳನ್ನು ಗುಜರಿಯ ತೂಕಕ್ಕೆ ಹರಾಜು ಹಾಕುವ ಮೊದಲು ಪ್ರತಿ ಬಗೆಯ ಯಂತ್ರದಲ್ಲಿ ಒಂದೊಂದನ್ನಾದರೂ ಉಳಿಸಿ, ಅದನ್ನು ನಡೆಸಿದವರನ್ನು ಕರೆದು, ನಡೆಸಿದ ರೀತಿಯನ್ನು ಅವರ ಬಾಯಲ್ಲೇ ದಾಖಲಿಸಿಕೊಳ್ಳಬೇಕು. ಲೆಕ್ಕಪತ್ರ ಅವರು ಕಾರ್ಮಿಕರ ಬಾಕಿಯ ಮಾತೆತ್ತಿದ್ದು ಸರಿಯಾಗಿಯೇ ಇದೆ. ಆದರೆ ನಮ್ಮ ಹೆಸರು ಹೇಳಿ ಜಾಗ ಮಾರುವವರು, ಮಾರಿದ ಹಣದಲ್ಲಿ ನಮ್ಮ ಬಾಕಿಗೆ ಎಷ್ಟು ಹೋಯಿತು ಎಂಬುದನ್ನೂ ಸಾರ್ವಜನಿಕವಾಗಿ ಪ್ರಕಟಿಸಲಿ.


ಜೆಪ್ಪು

ಮಂಗಳೂರಿನಲ್ಲಿ ಈ ಚರ್ಚೆ ಶುರುವಾಗುವ ಹೊತ್ತಿಗೆ ಕಟ್ಟಡಗಳು ಬಹುಪಾಲು ಇಲ್ಲವಾಗಿದ್ದವು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದ ಉದ್ದಕ್ಕೂ ಚಿಮಣಿಗಳು ಎದ್ದವು. ನದಿದಡದಲ್ಲೇ ಏಕೆ ಎಂದರೆ ಜೇಡಿ ದೋಣಿಯಲ್ಲಿ ಬರುತ್ತಿತ್ತು, ಹೆಂಚು ದೋಣಿಯಲ್ಲಿ ಬಂದರಿಗೆ ಹೋಗುತ್ತಿತ್ತು. ಒಳಗಿನ ವ್ಯವಸ್ಥೆಯೇ ಒಂದು ಪಾಠ: ಕೆಳಗೆ ಗೂಡು ಉರಿಯುತ್ತಿರುತ್ತದೆ, ಮೇಲಿನ ಅಂತಸ್ತುಗಳಲ್ಲಿ ಸಂದುಬಿಟ್ಟು ಹಾಸಿದ ಮರದ ಪಟ್ಟಿಗಳ ಮೇಲೆ ಹಸಿ ಹೆಂಚುಗಳನ್ನು ಜೋಡಿಸಿರುತ್ತಾರೆ, ಗೂಡಿನ ಬಿಸಿ ಏರಿ ಅವು ಮಳೆಗಾಲದಲ್ಲೂ ಒಣಗುತ್ತವೆ. ಕರಾವಳಿಯ ಮಳೆಗೆ ಇದಕ್ಕಿಂತ ಚೆನ್ನಾಗಿ ಹೊಂದಿಕೊಂಡ ಕೈಗಾರಿಕಾ ಕಟ್ಟಡವನ್ನು ನಾನು ಕಂಡಿಲ್ಲ. ಕಾಂಕ್ರೀಟ್ ತಾರಸಿ ಬಂದು ಹೆಂಚಿಗೆ ಬೇಡಿಕೆ ಇಳಿಯಿತು, ಜೇಡಿಯೂ ಕಷ್ಟವಾಯಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಸಾಗುವಾನಿ ತೊಲೆಗಳನ್ನು ಬಿಡಿಯಾಗಿ ಮಾರಿ ಜಾಗವನ್ನು ವಸತಿ ಸಮುಚ್ಚಯಗಳಿಗೆ ಕೊಟ್ಟರು.

ನಮ್ಮವರು ಮಾತೆತ್ತಿದರೆ ಕೊಚ್ಚಿಯ ಉದಾಹರಣೆ ಕೊಡುತ್ತಾರೆ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿನಲ್ಲಿ, ಸಾಂಬಾರ ಪದಾರ್ಥ ಮತ್ತು ನಾರಿನ ವ್ಯಾಪಾರ ನಡೆಯುತ್ತಿದ್ದ ಗೋದಾಮುಗಳಲ್ಲಿ, 2012ರಿಂದ ಬಿಯೆನ್ನಾಲೆ ಎಂಬ, ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ ನಡೆದು ಆ ಹಳೆಯ ಪೇಟೆಗೆ ಜೀವ ಬಂದದ್ದು ನಿಜ. ಆದರೆ ಆ ಆವರಣ ಖಾಸಗಿ ನಿರ್ಮಾಣ ಸಂಸ್ಥೆಯ ಒಡೆತನದಲ್ಲಿದ್ದುದರಿಂದ ಪ್ರತಿ ಬಾರಿಯೂ ಮಾಲೀಕರ ಒಪ್ಪಿಗೆಯನ್ನು ನೆಚ್ಚಿಕೊಳ್ಳಬೇಕಾಯಿತು. ಒಡೆತನದ ಪ್ರಶ್ನೆ ಬಗೆಹರಿಯದೆ ಕಲೆಯನ್ನು ಮುಂದಿಟ್ಟರೆ, ಕಲಾವಿದರು ಜಾಗದ ಬೆಲೆ ಏರಿಸಿಕೊಟ್ಟು ಹೊರಬೀಳುತ್ತಾರೆ. ಮಂಗಳೂರಿನಲ್ಲಿ ಉಳಿದಿರುವ ಒಂದೆರಡು ಚಿಮಣಿಗಳನ್ನು ಅವುಗಳ ಸುತ್ತಲಿನ ನೆಲದ ಸಮೇತ ಪಾಲಿಕೆ ಪಡೆಯಬೇಕು. ಚಿಮಣಿಯೊಂದನ್ನೇ ಬಿಟ್ಟುಕೊಡುತ್ತೇವೆ ಎಂದರೆ ಒಪ್ಪಬಾರದು.


ರೂರ್ ಕಣಿವೆಯಿಂದ

ನಾನು ಜರ್ಮನಿಯ ಡ್ಯೂಸ್‌ಬರ್ಗಿನಲ್ಲಿ ನೆಲೆಸಿರುವ ಧಾರವಾಡದವನು. ಇಲ್ಲಿನ ಮೈಡೆರಿಷ್ ಕಬ್ಬಿಣದ ಕಾರ್ಖಾನೆ 1985ರಲ್ಲಿ ಮುಚ್ಚಿತು. ಅದಿರು ಕರಗಿಸುತ್ತಿದ್ದ ಅದರ ಊದುಕುಲುಮೆಗಳನ್ನು ಕೆಡವದೆ, ಪೀಟರ್ ಲಾಟ್ಸ್ ಎಂಬ ಭೂದೃಶ್ಯ ವಿನ್ಯಾಸಕಾರರ ಯೋಜನೆಯಂತೆ ಸುಮಾರು 180 ಹೆಕ್ಟೇರಿನ ಉದ್ಯಾನ ಮಾಡಿದ್ದಾರೆ. ಅನಿಲ ತುಂಬಿಡುತ್ತಿದ್ದ ಬೃಹತ್ ತೊಟ್ಟಿಯಲ್ಲಿ ನೀರು ತುಂಬಿ ಮುಳುಗು ಈಜು ಕಲಿಸುತ್ತಾರೆ, ಅದಿರಿನ ಕಣಜಗಳ ಗೋಡೆಗಳನ್ನು ಹತ್ತಲು ಯುವಕರು ಬರುತ್ತಾರೆ, ಪ್ರವೇಶಕ್ಕೆ ಶುಲ್ಕವಿಲ್ಲ, ರಾತ್ರಿಯೂ ಬಾಗಿಲು ಮುಚ್ಚುವುದಿಲ್ಲ.

ಇದನ್ನು ಹೇಳುತ್ತಿರುವುದು ಮೆಚ್ಚಿಸುವುದಕ್ಕಲ್ಲ. ಲೆಕ್ಕಪತ್ರ ಅವರು ಕೇಳಿದ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ: ಇಲ್ಲಿನ ರಾಜ್ಯ ಸರ್ಕಾರ 1980ರಲ್ಲೇ, ಪಾಳುಬಿದ್ದ ಕೈಗಾರಿಕಾ ಭೂಮಿಯನ್ನು ಕೊಳ್ಳುವುದಕ್ಕೆಂದೇ ಒಂದು ಭೂನಿಧಿಯನ್ನು ಸ್ಥಾಪಿಸಿತ್ತು. ಮೊದಲು ಭೂಮಿ ಸಾರ್ವಜನಿಕರ ಕೈಗೆ ಬಂತು, ಆಮೇಲೆ ಅಲ್ಲಿ ಏನು ಮಾಡಬೇಕೆಂಬ ಚರ್ಚೆ ನಡೆಯಿತು. ನಮ್ಮಲ್ಲಿ ಈ ಕ್ರಮ ತಿರುಗುಮುರುಗಾಗಿದೆ.

ಇನ್ನೊಂದು ಮಾತನ್ನು ಇಲ್ಲಿ ಯಾರೂ ಎತ್ತಿಲ್ಲ. ಕಾರ್ಖಾನೆಯ ನೆಲದಲ್ಲಿ ವಿಷವಿರುತ್ತದೆ. ಇಲ್ಲಿ ಕೆಲವು ಭಾಗದ ಮಣ್ಣನ್ನು ತೆಗೆದು ಮೊಹರು ಮಾಡಿದ ಕಣಜಗಳಲ್ಲಿ ಇಟ್ಟಿದ್ದಾರೆ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ. ಪಾದರಸ ನೆಲದಲ್ಲಿ ಸೇರಿದರೆ ಏನಾಗುತ್ತದೆ ಎಂಬುದಕ್ಕೆ 2001ರಲ್ಲಿ ಮುಚ್ಚಿದ ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆಯ ಉದಾಹರಣೆ ಕಣ್ಣೆದುರಿಗಿದೆ. ದೀಪದ ಕಾರ್ಖಾನೆಯ ಜಾಗದಲ್ಲಿ ಮಕ್ಕಳನ್ನು ಆಡಲು ಬಿಡುವ ಮೊದಲು ಮಣ್ಣು ಮತ್ತು ಅಂತರ್ಜಲವನ್ನು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಬೇಕು. ಬೈಯಪ್ಪನಹಳ್ಳಿಯಲ್ಲಿ 2002ರಲ್ಲಿ ಮುಚ್ಚಿದ ಎನ್‌ಜಿಇಎಫ್, ಒಳಗೆ ಎಣ್ಣೆ ತುಂಬುವ ಟ್ರಾನ್ಸ್‌ಫಾರ್ಮರ್‌ಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ. ಅಲ್ಲಿ ವೃಕ್ಷೋದ್ಯಾನದ ಮಾತು ಕೇಳಿ ಸಂತೋಷವಾಗಿದೆ, ಆದರೆ ಎಣ್ಣೆ ಚೆಲ್ಲಿದ ನೆಲ ಯಾವುದೆಂದು ಗುರುತಿಸುವುದು ಅಲ್ಲಿಯೂ ಮೊದಲ ಕೆಲಸ.


ಲೆಕ್ಕಪತ್ರ

ಭೂನಿಧಿಯ ವಿಚಾರ ನನಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ಅದರಲ್ಲಿ ಬೆಲೆಯನ್ನು ಯಾರು ಕೊಡುತ್ತಾರೆ ಎಂಬುದು ಸ್ಪಷ್ಟವಾಗಿದೆ. ಒಂದು ಸೇರ್ಪಡೆ: ಸಂಸ್ಥಾನದ ಕಾಲದಲ್ಲೋ ಆಮೇಲೋ ಸರ್ಕಾರ ಉದ್ಯೋಗ ಸೃಷ್ಟಿಗೆಂದು ಅಗ್ಗದ ದರದಲ್ಲಿ ಕೊಟ್ಟ ಭೂಮಿಗೂ, ಕಂಪನಿ ಮಾರುಕಟ್ಟೆ ದರದಲ್ಲಿ ಕೊಂಡ ಭೂಮಿಗೂ ವ್ಯತ್ಯಾಸ ಮಾಡಬೇಕು. ಮೊದಲನೆಯದರಲ್ಲಿ ಉದ್ದೇಶ ಮುಗಿದ ಮೇಲೆ ಏರಿದ ಬೆಲೆಯಲ್ಲಿ ದೊಡ್ಡ ಪಾಲು ಸಾರ್ವಜನಿಕರಿಗೆ ಸಲ್ಲಬೇಕೆಂದು ಕೇಳುವುದು ನ್ಯಾಯ. ಎರಡನೆಯದರಲ್ಲಿ ಹಾಗೆ ಕೇಳಿದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಹಾಗಾಗಿ ಪ್ರತಿ ಜಾಗದ ಮೂಲ ಮಂಜೂರಾತಿ ಪತ್ರವನ್ನು ನೋಡದೆ ಶೇಕಡಾ ಇಷ್ಟು ಎಂದು ಹೇಳಲಾಗದು.


ಮಲ್ಲೇಶ್ವರದ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಲೆಕ್ಕಪತ್ರ ಅವರ ಕೊನೆಯ ಸೂಚನೆ ನಮ್ಮ ಬೇಡಿಕೆಯನ್ನು ಗಟ್ಟಿಗೊಳಿಸುತ್ತದೆ. 1958ರ ಕೇಂದ್ರ ಸ್ಮಾರಕ ಕಾಯ್ದೆ ನೂರು ವರ್ಷ ತುಂಬಿದ ಕಟ್ಟಡವನ್ನು ಮಾತ್ರ ಗುರುತಿಸುತ್ತದೆ. ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಕಟ್ಟಿದ ನಮ್ಮ ಬಹುಪಾಲು ಕಾರ್ಖಾನೆಗಳು ಆ ವಯಸ್ಸು ಮುಟ್ಟುವುದರೊಳಗೆ ನೆಲಸಮವಾಗಿರುತ್ತವೆ. ಆದ್ದರಿಂದ ಸ್ಮಾರಕ ಕಾಯ್ದೆಯನ್ನು ನೆಚ್ಚಿ ಕೂರದೆ, ನಗರದ ಮಾಸ್ಟರ್ ಪ್ಲಾನಿನ ವಲಯ ನಿಯಮಗಳಲ್ಲಿಯೇ ಇದಕ್ಕೊಂದು ಅಧ್ಯಾಯ ಬೇಕೆಂದು ಕೇಳೋಣ. ಸರ್ಕಾರ ಕೊಟ್ಟ ಭೂಮಿಯ ಒಡೆತನ ಸರ್ಕಾರದಲ್ಲೇ ಉಳಿದು ಬಳಕೆಗೆ ಗುತ್ತಿಗೆ ಮಾತ್ರ ಕೊಡುವುದು, ಖಾಸಗಿ ಜಾಗದಲ್ಲಿ ಸಾರ್ವಜನಿಕರ ಪಾಲನ್ನು ಖಾಲಿ ನೆಲದ ಮೇಲಲ್ಲದೆ ಇಡೀ ಜಾಗದ ಮೇಲೆ ಲೆಕ್ಕ ಹಾಕುವುದು, ಕಟ್ಟಡ ಉಳಿಸಿಕೊಂಡು ಒಳಗೆ ವ್ಯಾಪಾರ ನಡೆಸುವವರಿಗೂ ಆ ಪಾಲು ಅನ್ವಯಿಸುವುದು ಎಂಬ ಮೂರು ಮಾತುಗಳನ್ನು ನಾನು ಮುಂಬೈಯ ಅನುಭವದಿಂದ ನೇರವಾಗಿ ತೆಗೆದುಕೊಂಡಿದ್ದೇನೆ. ಮಣ್ಣಿನ ಪರೀಕ್ಷೆ ಮತ್ತು ಯಂತ್ರಗಳ ದಾಖಲಾತಿ ಮುಗಿಯುವವರೆಗೆ ಹರಾಜಿಗೆ ಅನುಮತಿ ಇರಬಾರದೆಂಬುದನ್ನೂ ಸೇರಿಸುತ್ತೇನೆ.

ಮನವಿ ಬರೆಯುವ ಮೊದಲು ಪಟ್ಟಿ ಬೇಕು. ಪೇಟೆ, ಬಿನ್ನಿಪೇಟೆ, ಮಾಗಡಿ ರಸ್ತೆ, ಮಲ್ಲೇಶ್ವರ, ಯಶವಂತಪುರಗಳಲ್ಲಿ ಮುಚ್ಚಿದ ಅಥವಾ ಮುಚ್ಚುವ ಹಂತದಲ್ಲಿರುವ ಕಾರ್ಖಾನೆ, ಗೋದಾಮು, ಮುದ್ರಣಾಲಯಗಳು ಗೊತ್ತಿದ್ದವರು ಜಾಗದ ಹೆಸರು, ಅಂದಾಜು ವಿಸ್ತೀರ್ಣ, ಈಗಿನ ಒಡೆತನ, ಕಟ್ಟಡದ ಸ್ಥಿತಿ ಇಷ್ಟನ್ನು ಇದೇ ಎಳೆಯಲ್ಲಿ ಸೇರಿಸಿ. ಮಂಜೂರಾತಿ ಪತ್ರಗಳ ಪ್ರತಿಗಾಗಿ ಮಾಹಿತಿ ಹಕ್ಕಿನ ಅರ್ಜಿಗಳನ್ನು ನಾನು ಹಾಕುತ್ತೇನೆ. ಅವನ್ನು ಓದಿ ವಿಂಗಡಿಸಲು ಲೆಕ್ಕಪತ್ರ ಅವರು ನೆರವಾಗಬೇಕೆಂದು ಕೋರುತ್ತೇನೆ. ಹಳೇ ದೀಪ ಅವರಲ್ಲಿ ಒಂದು ವಿಶೇಷ ವಿನಂತಿ: ನಿಮ್ಮ ಜೊತೆ ಸಾಲಿನಲ್ಲಿ ನಿಂತು ದುಡಿದವರಲ್ಲಿ ಮಾತನಾಡಲು ಒಪ್ಪುವವರು ಯಾರಿದ್ದಾರೆ ಎಂದು ವಿಚಾರಿಸಿ ತಿಳಿಸಿ, ಅವರ ಮಾತನ್ನು ಧ್ವನಿಮುದ್ರಿಸುವ ವ್ಯವಸ್ಥೆಯನ್ನು ಮೊದಲು ಮಾಡೋಣ.